ಭಾರತದ ಸ್ವತಂತ್ರ ವಸ್ತ್ರವಿನ್ಯಾಸಕರು

ಸ್ವತಂತ್ರ ವಸ್ತ್ರವಿನ್ಯಾಸಕರು ಎಂದರೆ ದೊಡ್ಡ ಸಿದ್ಧ ಉಡುಪು ಕಂಪನಿಗಳ ನೌಕರರಾಗಿರದೆ, ತಮ್ಮದೇ ಹೆಸರಿನಲ್ಲಿ ಅಥವಾ ತಾವೇ ಸ್ಥಾಪಿಸಿದ ಸಣ್ಣ ಸಂಸ್ಥೆಯ ಹೆಸರಿನಲ್ಲಿ ಉಡುಪು, ಸೀರೆ, ಚೀಲ, ಪಾದರಕ್ಷೆ, ಆಭರಣ ಮೊದಲಾದವುಗಳನ್ನು ರೂಪಿಸಿ ಮಾರುವವರು. ಭಾರತದಲ್ಲಿ ಈ ವೃತ್ತಿಯು 1960ರ ದಶಕದ ಕೊನೆಯಲ್ಲಿ ಮೊಳೆತು, 1980ರ ದಶಕದ ಉತ್ತರಾರ್ಧದಲ್ಲಿ ಸ್ಪಷ್ಟ ರೂಪ ಪಡೆಯಿತು. ಪಶ್ಚಿಮದ ದೇಶಗಳಲ್ಲಿ ವಿನ್ಯಾಸಕನ ಕೆಲಸವು ಬಹುಮಟ್ಟಿಗೆ ಕತ್ತರಿ ಮತ್ತು ಹೊಲಿಗೆಯ ಸುತ್ತ ಬೆಳೆದರೆ, ಭಾರತದಲ್ಲಿ ಅದು ಮಗ್ಗ, ಬಣ್ಣ ಮತ್ತು ಕಸೂತಿಯ ಸುತ್ತ ಬೆಳೆಯಿತು. ಆದ್ದರಿಂದ ಇಲ್ಲಿನ ವಿನ್ಯಾಸಕರ ಇತಿಹಾಸವನ್ನು ನೇಕಾರರ ಮತ್ತು ಕುಶಲಕರ್ಮಿಗಳ ಇತಿಹಾಸದಿಂದ ಬೇರ್ಪಡಿಸಿ ಬರೆಯುವುದು ಕಷ್ಟ.

ಹೆಸರಿನ ವ್ಯಾಪ್ತಿ

ಬಟ್ಟೆ ಹೊಲಿಯುವ ದರ್ಜಿ ಗ್ರಾಹಕನ ಇಚ್ಛೆಯಂತೆ ಹೊಲಿಯುತ್ತಾನೆ. ವಿನ್ಯಾಸಕನು ತನ್ನ ಕಲ್ಪನೆಯನ್ನು ಗ್ರಾಹಕನ ಮುಂದಿಡುತ್ತಾನೆ. ಉಡುಪಿನ ಒಳಗೆ ತನ್ನ ಹೆಸರಿನ ಪಟ್ಟಿ ಹೊಲಿದು, ಋತುವಿಗೊಂದು ಸಂಗ್ರಹವನ್ನು ಮುಂದಾಗಿಯೇ ಸಿದ್ಧಪಡಿಸುವ ಪದ್ಧತಿಯನ್ನು 1858ರಲ್ಲಿ ಪ್ಯಾರಿಸಿನಲ್ಲಿ ಅಂಗಡಿ ತೆರೆದ ಇಂಗ್ಲಿಷ್ ಮೂಲದ ಚಾರ್ಲ್ಸ್ ಫ್ರೆಡರಿಕ್ ವರ್ತ್ ರೂಢಿಗೆ ತಂದನೆಂದು ಹೇಳಲಾಗುತ್ತದೆ. ಆದರೆ ‘ಸ್ವತಂತ್ರ’ ಎಂಬ ವಿಶೇಷಣಕ್ಕೆ ಕಾನೂನಿನ ವ್ಯಾಖ್ಯೆ ಯಾವುದೂ ಇಲ್ಲ. ಸಾಮಾನ್ಯ ಬಳಕೆಯಲ್ಲಿ, ಸಂಸ್ಥೆಯ ಒಡೆತನ ಮತ್ತು ಯಾವ ವಸ್ತು ತಯಾರಾಗಬೇಕೆಂಬ ಅಂತಿಮ ತೀರ್ಮಾನ ಎರಡೂ ವಿನ್ಯಾಸಕರ ಕೈಯಲ್ಲಿದ್ದರೆ ಅವರನ್ನು ಸ್ವತಂತ್ರರೆಂದು ಕರೆಯುತ್ತಾರೆ. ಮೊದಲನೆಯದು ಕೈಬಿಟ್ಟು ಎರಡನೆಯದು ಮಾತ್ರ ಉಳಿದಾಗ ಏನೆನ್ನಬೇಕು ಎಂಬ ಪ್ರಶ್ನೆ ಇತ್ತೀಚಿನ ವರ್ಷಗಳಲ್ಲಿ ಎದ್ದಿದೆ.

ಹಿನ್ನೆಲೆ

ಸ್ವಾತಂತ್ರ್ಯಾನಂತರ ಕರಕುಶಲ ವಸ್ತುಗಳಿಗೆ ನಗರದ ಮಾರುಕಟ್ಟೆ ಒದಗಿಸಿದವರಲ್ಲಿ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯ (1903–1988) ಅಗ್ರಗಣ್ಯರು. 1952ರಲ್ಲಿ ರಚಿತವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಅವರು ಮುನ್ನಡೆಸಿದರು; 1964ರಲ್ಲಿ ಭಾರತ ಕರಕುಶಲ ಪರಿಷತ್ತಿನ ಸ್ಥಾಪನೆಗೂ ಕಾರಣರಾದರು. ಅವರು ವಿನ್ಯಾಸಕಿಯಲ್ಲ. ಆದರೂ ಮುಂದೆ ಬಂದ ವಿನ್ಯಾಸಕರು ಹುಡುಕಿಕೊಂಡು ಹೋದ ಎಷ್ಟೋ ಮಗ್ಗಗಳು ಆ ವೇಳೆಗೆ ನಿಂತುಹೋಗದೆ ಉಳಿದಿದ್ದುದಕ್ಕೆ ಅವರ ಮತ್ತು ಪುಪುಲ್ ಜಯಕರ್ ಅಂಥವರ ದುಡಿಮೆ ಮುಖ್ಯ ಕಾರಣ. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು. ಫ್ಯಾಷನ್ನಿಗೆಂದೇ ಮೀಸಲಾದ ಸರ್ಕಾರಿ ಸಂಸ್ಥೆಗೆ 1986ರವರೆಗೆ ಕಾಯಬೇಕಾಯಿತು. ಆ ವರ್ಷ ಜವಳಿ ಸಚಿವಾಲಯದ ಆಶ್ರಯದಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ಸ್ಥಾಪನೆಯಾಯಿತು. ಇದರ ಬೆಂಗಳೂರು ಶಾಖೆ 1997ರಲ್ಲಿ ಆರಂಭಗೊಂಡಿತು.

ಸ್ವತಂತ್ರ ವಿನ್ಯಾಸಕರ ಮೊದಲ ಹೆಸರಾಗಿ ಸಾಮಾನ್ಯವಾಗಿ ರಿತು ಕುಮಾರ್ (ಜನನ 1944) ಅವರನ್ನು ಉಲ್ಲೇಖಿಸುತ್ತಾರೆ. 1960ರ ದಶಕದ ಕೊನೆಯಲ್ಲಿ ಅವರು ಕೋಲ್ಕತ್ತ ಸಮೀಪ ಕೆಲವೇ ಮರದ ಅಚ್ಚುಗಳು ಮತ್ತು ಅಚ್ಚುಗಾರರೊಂದಿಗೆ ಕೆಲಸ ಆರಂಭಿಸಿದರು. ‘ಡಿಸೈನರ್’ ಎಂಬ ಪದವೇ ಇಲ್ಲಿ ಚಾಲ್ತಿಗೆ ಬರದಿದ್ದ ಕಾಲವದು. ರಾಜಮನೆತನಗಳ ಉಡುಪಿನ ಕುರಿತು ಅವರು ಬರೆದ ಗ್ರಂಥ 1999ರಲ್ಲಿ ಪ್ರಕಟವಾಯಿತು. 2013ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಮೊದಲ ಅಂಗಡಿಗಳು

1980ರ ದಶಕದವರೆಗೆ ಇಂಥವರ ಬಟ್ಟೆ ಬೇಕೆಂದರೆ ಮನೆಯೊಳಗಿನ ಬುಟೀಕುಗಳನ್ನೋ, ಹೋಟೆಲಿನ ಸಭಾಂಗಣಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನಗಳನ್ನೋ ಪರಿಚಯದವರ ಮೂಲಕ ತಿಳಿದು ಹೋಗಬೇಕಿತ್ತು. ಈ ಸ್ಥಿತಿಯನ್ನು ಬದಲಿಸಿದ್ದು 1987ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ತೆರೆದ ಆನ್ಸಾಂಬಲ್ ಎಂಬ ಮಳಿಗೆ. ತರುಣ್ ತಹಿಲಿಯಾನಿ ಮತ್ತು ಅವರ ಪತ್ನಿ ಸೈಲಜಾ ಇದರ ಸ್ಥಾಪಕರು. ಒಂದೇ ಸೂರಿನಡಿ ಹಲವು ವಿನ್ಯಾಸಕರ ಉಡುಪನ್ನು, ಪ್ರತಿಯೊಬ್ಬರ ಹೆಸರಿನಲ್ಲಿಯೇ ಪ್ರದರ್ಶಿಸಿ ಮಾರಿದ ಭಾರತದ ಮೊದಲ ಅಂಗಡಿಗಳಲ್ಲಿ ಇದು ಪ್ರಮುಖವಾದದ್ದು. ಅಲ್ಲಿ ಆರಂಭದಿಂದಲೇ ಇದ್ದವರಲ್ಲಿ ರೋಹಿತ್ ಖೋಸ್ಲಾ (1958–1994) ಮತ್ತು ಅಬು ಜಾನಿ–ಸಂದೀಪ್ ಖೋಸ್ಲಾ ಜೋಡಿ ಸೇರಿದ್ದಾರೆ. ರೋಹಿತ್ ಖೋಸ್ಲಾ ಮೂವತ್ತೈದರ ಆಸುಪಾಸಿನಲ್ಲೇ ತೀರಿಕೊಂಡರು. ಅವರ ಹೆಸರು ಇಂದಿನ ವಿದ್ಯಾರ್ಥಿಗಳಿಗೆ ಅಷ್ಟಾಗಿ ಪರಿಚಿತವಲ್ಲವಾದರೂ, ಅವರ ಸಮಕಾಲೀನರ ನೆನಪುಗಳಲ್ಲಿ ಅವರಿಗೆ ದೊಡ್ಡ ಸ್ಥಾನವಿದೆ.

ಇದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆದಿತ್ತು. ಲೈಲಾ ತ್ಯಾಬ್ಜಿ ಮತ್ತು ಸಂಗಡಿಗರು 1981ರಲ್ಲಿ ದೆಹಲಿಯಲ್ಲಿ ಆರಂಭಿಸಿದ ದಸ್ತಕಾರ್ ಸಂಸ್ಥೆಯು ಕುಶಲಕರ್ಮಿಗಳನ್ನೇ ನೇರವಾಗಿ ಸಂತೆಗೆ ಕರೆತಂದಿತು. ಇಲ್ಲಿ ಕೊಳ್ಳುವವರಿಗೆ ವಿನ್ಯಾಸಕನ ಹೆಸರಿಗಿಂತ ಮೊದಲು ಕೈಕೆಲಸದ ಹೆಸರು ಪರಿಚಯವಾಗುತ್ತಿತ್ತು. ಮಳಿಗೆ ಮತ್ತು ಸಂತೆ ಎಂಬ ಈ ಎರಡು ದಾರಿಗಳು ಇಂದಿಗೂ ಬೇರೆಬೇರೆಯಾಗಿಯೇ ಸಾಗಿವೆ.

ಫ್ಯಾಷನ್ ಸಪ್ತಾಹಗಳು

1998ರಲ್ಲಿ ಭಾರತೀಯ ಫ್ಯಾಷನ್ ವಿನ್ಯಾಸ ಮಂಡಳಿ ರಚನೆಯಾಯಿತು. ಮಂಡಳಿಯು 2000ದ ಆಗಸ್ಟಿನಲ್ಲಿ ದೆಹಲಿಯಲ್ಲಿ ಮೊದಲ ಭಾರತೀಯ ಫ್ಯಾಷನ್ ಸಪ್ತಾಹವನ್ನು ಲ್ಯಾಕ್ಮೆ ಕಂಪನಿಯ ಪ್ರಾಯೋಜಕತ್ವದಲ್ಲಿ ನಡೆಸಿತು. 2006ರಿಂದ ಮುಂಬಯಿ ಮತ್ತು ದೆಹಲಿಗಳಲ್ಲಿ ಪ್ರತ್ಯೇಕ ಸಪ್ತಾಹಗಳು ನಡೆಯತೊಡಗಿದವು. ಪತ್ರಿಕೆಗಳಲ್ಲಿ ಅಚ್ಚಾಗುವುದು ನಡೆಮಂಚದ ಚಿತ್ರಗಳಾದರೂ, ಸಪ್ತಾಹದ ಮೂಲ ಉದ್ದೇಶ ವ್ಯಾಪಾರ: ಅಂಗಡಿಗಳ ಖರೀದಿದಾರರು ಬಂದು ಮುಂದಿನ ಋತುವಿನ ಸರಕಿಗೆ ಬೇಡಿಕೆ ಸಲ್ಲಿಸಬೇಕೆಂಬುದು.

ಹೊಸಬರ ದೃಷ್ಟಿಯಿಂದ ಮುಖ್ಯವಾದದ್ದು ಮುಂಬಯಿಯ ಸಪ್ತಾಹವು 2006ರಲ್ಲಿ ಆರಂಭಿಸಿದ ‘ಜೆನ್ ನೆಕ್ಸ್ಟ್’ ಎಂಬ ವಿಭಾಗ. ಆಯ್ಕೆಯಾದ ಯುವ ವಿನ್ಯಾಸಕರಿಗೆ ದೊಡ್ಡ ವೇದಿಕೆಯ ಖರ್ಚಿಲ್ಲದೆ ಸಂಗ್ರಹವನ್ನು ತೋರಿಸುವ ಅವಕಾಶ ಇದರಿಂದ ದೊರೆಯಿತು. ಕಾನ್ಪುರ ಬಳಿಯ ಹಳ್ಳಿಯೊಂದರಿಂದ ಬಂದು, ಭೌತಶಾಸ್ತ್ರದಲ್ಲಿ ಪದವಿ ಪಡೆದ ನಂತರ ಅಹಮದಾಬಾದಿನಲ್ಲಿ ವಿನ್ಯಾಸ ಕಲಿತ ರಾಹುಲ್ ಮಿಶ್ರಾ ಕೇರಳದ ಕೈಮಗ್ಗದ ಹತ್ತಿಬಟ್ಟೆಯನ್ನು ಬಳಸಿ ಇಲ್ಲಿಯೇ ಮೊದಲು ಗಮನ ಸೆಳೆದರು. 2014ರಲ್ಲಿ ಅವರು ಮಿಲಾನಿನಲ್ಲಿ ಅಂತಾರಾಷ್ಟ್ರೀಯ ವುಲ್‌ಮಾರ್ಕ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು. 2020ರ ಜನವರಿಯಲ್ಲಿ ಪ್ಯಾರಿಸಿನ ಓತ್ ಕುತೂರ್ ಸಪ್ತಾಹದ ಅಧಿಕೃತ ಪಟ್ಟಿಯಲ್ಲಿ ಪ್ರದರ್ಶನ ನೀಡಿದ ಮೊದಲ ಭಾರತೀಯ ವಿನ್ಯಾಸಕರೂ ಅವರೇ. ಅನಂತರ ಪುರುಷರ ಉಡುಪಿಗಾಗಿ ಸುಕೇತ್ ಧೀರ್, ಮಹಿಳೆಯರ ಉಡುಪಿಗಾಗಿ ‘ಬಾಡಿಸ್’ ಸಂಸ್ಥೆಯ ರುಚಿಕಾ ಸಚದೇವ ಅದೇ ಪ್ರಶಸ್ತಿ ಪಡೆದರು.

ಮಗ್ಗದ ಸಂಬಂಧ

2019–20ರ ನಾಲ್ಕನೆಯ ಕೈಮಗ್ಗ ಗಣತಿಯಂತೆ ಭಾರತದಲ್ಲಿ 35 ಲಕ್ಷಕ್ಕೂ ಹೆಚ್ಚು ನೇಕಾರರು ಮತ್ತು ಸಹಾಯಕ ಕೆಲಸಗಾರರಿದ್ದಾರೆ; ಅವರಲ್ಲಿ ಶೇಕಡಾ 70ಕ್ಕೂ ಹೆಚ್ಚು ಮಂದಿ ಮಹಿಳೆಯರು. ಇಷ್ಟು ದೊಡ್ಡ ಸಮುದಾಯದ ಬದುಕಿನಲ್ಲಿ ಬೆರಳೆಣಿಕೆಯ ವಿನ್ಯಾಸಕರ ಪಾಲು ಚಿಕ್ಕದು. ಆದರೆ ಒಂದು ನಿರ್ದಿಷ್ಟ ಊರಿನಲ್ಲಿ, ನಿರ್ದಿಷ್ಟ ನೇಯ್ಗೆಯ ಮಟ್ಟಿಗೆ ಅದು ನಿರ್ಣಾಯಕವಾಗಬಲ್ಲದು.

ಸಂಜಯ್ ಗರ್ಗ್ 2008ರಲ್ಲಿ ಆರಂಭಿಸಿದ ‘ರಾ ಮ್ಯಾಂಗೋ’ ಇದಕ್ಕೊಂದು ಉದಾಹರಣೆ. ಮಧ್ಯಪ್ರದೇಶದ ಚಂದೇರಿಯ ತೆಳುವಾದ ರೇಷ್ಮೆ–ಹತ್ತಿ ಸೀರೆಯಿಂದ ಅವರು ಕೆಲಸ ಪ್ರಾರಂಭಿಸಿದರು. ಅವರು ಹೊಸ ನೇಯ್ಗೆಯನ್ನೇನೂ ಕಂಡುಹಿಡಿಯಲಿಲ್ಲ. ಬುಟ್ಟಾಗಳ ಸಂಖ್ಯೆ ತಗ್ಗಿಸಿ, ಅವುಗಳ ನಡುವೆ ಬಯಲು ಬಿಟ್ಟು, ಗಾಢವಾದ ಒಂದೇ ಬಣ್ಣವನ್ನು ಮುಂದು ಮಾಡಿದರು. ಅಜ್ಜಿಯರ ಪೆಟ್ಟಿಗೆಯ ವಸ್ತುವೆನಿಸಿದ್ದ ಸೀರೆಯನ್ನು ನಗರದ ಉದ್ಯೋಗಸ್ಥ ಯುವತಿಯರು ಉಡುವಂತಾದುದಕ್ಕೆ ಇಷ್ಟು ಬದಲಾವಣೆ ಸಾಕಾಯಿತು.

ಗೋವಾದ ವೆಂಡೆಲ್ ರಾಡ್ರಿಕ್ಸ್ (1960–2020) ಅವರ ಕೆಲಸ ಇನ್ನೂ ಕಠಿಣವಾದದ್ದು. ಗೋವಾದ ಕುಣಬಿ ಸಮುದಾಯದ ಮಹಿಳೆಯರು ಉಡುತ್ತಿದ್ದ, ಭುಜದ ಮೇಲೆ ಗಂಟು ಹಾಕುವ ಕೆಂಪು ಚೌಕುಳಿಯ ಹತ್ತಿ ಸೀರೆಯ ನೇಯ್ಗೆಯೇ ಸ್ಥಳೀಯವಾಗಿ ನಿಂತುಹೋಗಿತ್ತು. 2010ರ ಸುಮಾರಿಗೆ ಅವರು ಹಳೆಯ ಮಾದರಿಗಳನ್ನು ಹುಡುಕಿ ಅದನ್ನು ಮತ್ತೆ ಮಗ್ಗಕ್ಕೇರಿಸಿದರು, ಬಣ್ಣ ಅಗಲಗಳನ್ನು ಇಂದಿನವರಿಗೆ ಒಗ್ಗುವಂತೆ ಮಾರ್ಪಡಿಸಿದರು. ಕುಣಬಿಯರು ಉತ್ತರ ಕನ್ನಡದ ಜೊಯಿಡಾ ಭಾಗದಲ್ಲಿಯೂ ನೆಲೆಸಿರುವುದರಿಂದ ಈ ಪ್ರಯತ್ನ ಕರ್ನಾಟಕದ ಓದುಗರಿಗೂ ಆಸಕ್ತಿಕರ. ರಾಡ್ರಿಕ್ಸ್ ಗೋವಾದ ಉಡುಪಿನ ಇತಿಹಾಸವನ್ನು ಕುರಿತು ಗ್ರಂಥವನ್ನೂ ರಚಿಸಿದ್ದಾರೆ. 2014ರಲ್ಲಿ ಅವರಿಗೆ ಪದ್ಮಶ್ರೀ ಲಭಿಸಿತು.

ಈ ಸಂಬಂಧದಲ್ಲಿ ಮಾನ್ಯತೆಯ ಪ್ರಶ್ನೆಯೂ ಅಡಗಿದೆ. ಸೀರೆಯ ತುದಿಯಲ್ಲಿ ವಿನ್ಯಾಸಕರ ಹೆಸರಿರುತ್ತದೆ. ವಾರಗಟ್ಟಲೆ ಕುಳಿ ಮಗ್ಗದಲ್ಲಿ ಕುಳಿತವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಕೆಲವು ಸಂಸ್ಥೆಗಳು ನೇಯ್ದವರ ಹೆಸರನ್ನು ಚೀಟಿಯಲ್ಲಿ ನಮೂದಿಸುವ ಕ್ರಮವನ್ನು ಆರಂಭಿಸಿವೆ. ಅದು ಇನ್ನೂ ಅಪವಾದವೇ ಹೊರತು ರೂಢಿಯಲ್ಲ.

ಕರ್ನಾಟಕದಲ್ಲಿ

ಬೆಂಗಳೂರಿನ ವಿಮೋರ್ ಸಂಸ್ಥೆಯನ್ನು ಚಿಮ್ಮಿ ನಂಜಪ್ಪ ಮತ್ತು ಅವರ ಮಗಳು ಪವಿತ್ರಾ ಮುದ್ದಯ್ಯ 1974ರಲ್ಲಿ ಆರಂಭಿಸಿದರು. ಹಳೆಯ ಸೀರೆಗಳ ವಿನ್ಯಾಸವನ್ನು ಅಧ್ಯಯನ ಮಾಡಿ, ದಕ್ಷಿಣ ಭಾರತದ ನೇಕಾರರಿಂದ ಮರಳಿ ನೇಯಿಸುವುದು ಇದರ ವಿಶೇಷ. ಸಂಸ್ಥೆಯು ಸೀರೆಗಳ ಸಂಗ್ರಹಾಲಯವನ್ನೂ ನಡೆಸುತ್ತದೆ. ಮನೋವಿರಾಜ್ ಖೋಸ್ಲಾ, ದೀಪಿಕಾ ಗೋವಿಂದ್ ಬೆಂಗಳೂರನ್ನು ನೆಲೆಯಾಗಿಸಿಕೊಂಡ ಇತರ ವಿನ್ಯಾಸಕರು.

ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ಸಮೀಪ ಭೀಮನಕೋಣೆಯಲ್ಲಿರುವ ‘ಚರಕ’ವು ವ್ಯಕ್ತಿಯ ಹೆಸರಿನಲ್ಲಿ ನಡೆಯುವುದಲ್ಲ, ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ರೂಪುಗೊಂಡ ಮಹಿಳಾ ಸಹಕಾರ ಸಂಘ. ನೇಯ್ಗೆ, ಬಣ್ಣ, ಹೊಲಿಗೆ ಮೂರೂ ಅಲ್ಲಿಯೇ ನಡೆಯುತ್ತವೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಇಲ್ಲಿನ ಬಣ್ಣಗಳಲ್ಲಿ ಪ್ರಸಿದ್ಧವಾದದ್ದು. ಮಲೆನಾಡಿನಲ್ಲಿ ಬಟ್ಟೆಗೆ ತಾಗಿದರೆ ಹೋಗದ ಕಲೆಯೆಂದು ಬೈಸಿಕೊಳ್ಳುತ್ತಿದ್ದ ವಸ್ತುವೇ ಇಲ್ಲಿ ಉಡುಪಿನ ಬಣ್ಣವಾಗಿರುವುದು ಸ್ವಾರಸ್ಯಕರ. ಸಿದ್ಧ ಉಡುಪುಗಳು ‘ದೇಸಿ’ ಅಂಗಡಿಗಳ ಮೂಲಕ ಮಾರಾಟವಾಗುತ್ತವೆ. 2020ರಲ್ಲಿ ಸಂಘವು ತೀವ್ರ ಆರ್ಥಿಕ ಸಂಕಷ್ಟವನ್ನು ಬಹಿರಂಗವಾಗಿ ಪ್ರಕಟಿಸಿದಾಗ, ಗ್ರಾಮೀಣ ಕೈಉತ್ಪನ್ನಗಳ ಸ್ಥಿತಿಯ ಬಗ್ಗೆ ರಾಜ್ಯದಲ್ಲಿ ಚರ್ಚೆ ನಡೆಯಿತು.

ಬಳ್ಳಾರಿ ಜಿಲ್ಲೆಯ ಸಂಡೂರಿನ ಕುಶಲ ಕಲಾ ಕೇಂದ್ರವು ಲಂಬಾಣಿ ಮಹಿಳೆಯರ ಕಸೂತಿಯನ್ನು ಹೊರಗಿನ ವಿನ್ಯಾಸಕರಿಗೆ ಪರಿಚಯಿಸಿದೆ. ಉತ್ತರ ಕರ್ನಾಟಕದ ಕಸೂತಿ, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಇವೂ ಇಂದಿನ ವಿನ್ಯಾಸಕರ ಕೈಯಲ್ಲಿ ಕುಪ್ಪಸದ ಆಚೆಗೆ ಕೋಟು, ಚೀಲ, ಪಾದರಕ್ಷೆಗಳವರೆಗೂ ವಿಸ್ತರಿಸಿವೆ.

ಪಾದರಕ್ಷೆ ಮತ್ತು ಚೀಲ

ಉಡುಪಿಗೆ ಹೋಲಿಸಿದರೆ ಚೀಲ, ಪಾದರಕ್ಷೆಗಳಲ್ಲಿ ಸ್ವತಂತ್ರ ವಿನ್ಯಾಸಕರ ಸಂಖ್ಯೆ ಕಡಿಮೆ. ಪುದುಚೇರಿಯಲ್ಲಿ ದಿಲೀಪ್ ಕಪೂರ್ 1978ರಲ್ಲಿ ಸಣ್ಣ ಕಾರ್ಯಾಗಾರವಾಗಿ ಆರಂಭಿಸಿದ ‘ಹೈಡಿಸೈನ್’ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಬೆಳಗಾವಿ ಜಿಲ್ಲೆಯ ಅಥಣಿ ಮತ್ತು ನಿಪ್ಪಾಣಿ ಪರಿಸರದಲ್ಲಿ ತಯಾರಾಗುವ ಚಪ್ಪಲಿಗಳು ‘ಕೊಲ್ಹಾಪುರಿ’ ಎಂಬ ಹೆಸರಿನಲ್ಲಿಯೇ ಮಾರಾಟವಾಗುತ್ತವೆ. 2019ರಲ್ಲಿ ದೊರೆತ ಭೌಗೋಳಿಕ ಸೂಚಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ ಎಂಬುದು ಹಲವರಿಗೆ ತಿಳಿಯದ ಸಂಗತಿ.

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿಯು ಮಿಲಾನಿನ ಪ್ರದರ್ಶನದಲ್ಲಿ ಇದೇ ಆಕಾರದ ಚಪ್ಪಲಿಗಳನ್ನು ಮೂಲವನ್ನು ಹೆಸರಿಸದೆ ತೋರಿಸಿತು. ಭಾರತದಲ್ಲಿ ಆಕ್ಷೇಪ ವ್ಯಕ್ತವಾದ ಮೇಲೆ ಅದರ ಪ್ರೇರಣೆ ಭಾರತೀಯ ಕುಶಲಕರ್ಮಿಗಳದೆಂದು ಕಂಪನಿ ಒಪ್ಪಿಕೊಂಡಿತು. ಈ ಕುರಿತು ಬಾಂಬೆ ಹೈಕೋರ್ಟಿಗೆ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯು, ಅರ್ಜಿದಾರರು ಭೌಗೋಳಿಕ ಸೂಚಿಯ ನೋಂದಾಯಿತ ಒಡೆಯರಲ್ಲವೆಂಬ ಕಾರಣದಿಂದ, ಅದೇ ಜುಲೈನಲ್ಲಿ ವಜಾಗೊಂಡಿತು. ಸೂಚಿಯ ಒಡೆತನವಿರುವುದು ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳಲ್ಲಿ. ಕರ್ನಾಟಕದ ಪಾಲಿಗೆ ಅದು ಲಿಡ್ಕರ್.

ನಕಲು ಮತ್ತು ಕಾನೂನು

ಸ್ವತಂತ್ರ ವಿನ್ಯಾಸಕರಿಗೆ ಎದುರಾಗುವ ದೊಡ್ಡ ತೊಂದರೆ ನಕಲು. ಪ್ರದರ್ಶನ ಮುಗಿದ ಕೆಲವೇ ದಿನಗಳಲ್ಲಿ ಅದೇ ಮಾದರಿಯ ಉಡುಪು ಅಗ್ಗದ ಬಟ್ಟೆಯಲ್ಲಿ ಸಗಟು ಮಾರುಕಟ್ಟೆಗೆ ಬಂದುಬಿಡುತ್ತದೆ. ಇದಕ್ಕೆ ಕಾನೂನಿನ ರಕ್ಷಣೆ ಇದೆಯಾದರೂ ಅದು ವಿಚಿತ್ರವಾಗಿ ಹಂಚಿಹೋಗಿದೆ.

ವಿನ್ಯಾಸಕರು ಬಿಡಿಸಿದ ಚಿತ್ರ ಕಲಾಕೃತಿಯಾದುದರಿಂದ 1957ರ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆ ತಾನಾಗಿಯೇ ದೊರೆಯುತ್ತದೆ. ಆದರೆ ಅದೇ ಕಾಯಿದೆಯ 15ನೆಯ ವಿಧಿಯಂತೆ, ನೋಂದಣಿಗೆ ಅರ್ಹವಾಗಿದ್ದೂ ನೋಂದಣಿಯಾಗದ ವಿನ್ಯಾಸವನ್ನು ಒಡೆಯರು ಅಥವಾ ಅವರ ಅನುಮತಿ ಪಡೆದವರು ಕೈಗಾರಿಕಾ ವಿಧಾನದಿಂದ ಐವತ್ತಕ್ಕಿಂತ ಹೆಚ್ಚು ಬಾರಿ ವಸ್ತುರೂಪಕ್ಕೆ ತಂದ ಕೂಡಲೇ ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದರೆ ಹತ್ತು ವರ್ಷ, ನವೀಕರಿಸಿದರೆ ಇನ್ನೈದು ವರ್ಷ ರಕ್ಷಣೆ ಸಿಗುತ್ತದೆ. ಆದರೆ ನೋಂದಣಿಗೆ ಅರ್ಜಿ ಹಾಕುವ ಮೊದಲು ಆ ವಿನ್ಯಾಸ ಎಲ್ಲಿಯೂ ಬಹಿರಂಗವಾಗಿರಕೂಡದು. ವರ್ಷಕ್ಕೆ ಎರಡು ಸಂಗ್ರಹ, ಪ್ರತಿಯೊಂದರಲ್ಲಿ ಹತ್ತಾರು ಉಡುಪು ತಯಾರಿಸುವ ಸಣ್ಣ ಸಂಸ್ಥೆಗೆ ಎಲ್ಲವನ್ನೂ ಮುಂದಾಗಿ ನೋಂದಾಯಿಸುವುದು ಕಾರ್ಯಸಾಧ್ಯವಲ್ಲ.

ದೆಹಲಿ ಹೈಕೋರ್ಟಿನ ಎರಡು ತೀರ್ಪುಗಳು ಈ ಗಡಿಯನ್ನು ಚೆನ್ನಾಗಿ ತೋರಿಸುತ್ತವೆ. 2008ರ ರಾಜೇಶ್ ಮಸ್ರಾನಿ ಮತ್ತು ತಹಿಲಿಯಾನಿ ಡಿಸೈನ್ ನಡುವಣ ಪ್ರಕರಣದಲ್ಲಿ, ಉಡುಪುಗಳು ಐವತ್ತಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ತಯಾರಾಗಿದ್ದರಿಂದ ವಿನ್ಯಾಸಕರ ಕೃತಿಸ್ವಾಮ್ಯ ಉಳಿಯಿತು. 2016ರಲ್ಲಿ ರಿತು ಕುಮಾರ್ ಅವರ ರಿತಿಕಾ ಕಂಪನಿಯು ಬೀಬಾ ಅಪಾರಲ್ಸ್ ವಿರುದ್ಧ ಹೂಡಿದ್ದ ದಾವೆಯಲ್ಲಿ, ಐವತ್ತರ ಮಿತಿ ದಾಟಿದ್ದು ವಿನ್ಯಾಸ ನೋಂದಣಿಯೂ ಆಗಿರದಿದ್ದರಿಂದ, ರಕ್ಷಣೆ ಸಿಗಲಿಲ್ಲ. ಸರಳವಾಗಿ ಹೇಳುವುದಾದರೆ, ಬೆರಳೆಣಿಕೆಯ ದುಬಾರಿ ಉಡುಪು ಮಾಡುವವರಿಗೆ ಕಾನೂನು ನೆರಳು ನೀಡುತ್ತದೆ. ಸಾಮಾನ್ಯರಿಗೆ ಎಟಕುವ ಬೆಲೆಯಲ್ಲಿ ನೂರಾರು ಉಡುಪು ಮಾರಲೆತ್ನಿಸುವವರು ಬಿಸಿಲಿನಲ್ಲೇ ನಿಲ್ಲಬೇಕಾಗುತ್ತದೆ.

ನಕಲಿನ ಪ್ರಶ್ನೆ ವಿನ್ಯಾಸಕರಿಗೂ ತಿರುಗಿ ಬಡಿದದ್ದುಂಟು. 2021ರ ಆಗಸ್ಟಿನಲ್ಲಿ ಸಬ್ಯಸಾಚಿ ಮುಖರ್ಜಿ ಅವರು ಸ್ವೀಡನ್ನಿನ ಎಚ್ ಅಂಡ್ ಎಂ ಜೊತೆಗೂಡಿ ತಂದ ಸಂಗ್ರಹದಲ್ಲಿ ಸಾಂಗಾನೇರಿ ಅಚ್ಚುಗಳನ್ನು ನೆನಪಿಸುವ ವಿನ್ಯಾಸಗಳು ಯಂತ್ರಮುದ್ರಿತವಾಗಿದ್ದವು. ಅದೇ ಕೆಲಸವನ್ನು ಅಚ್ಚುಗಾರರಿಂದಲೇ ಮಾಡಿಸಬಹುದಿತ್ತೆಂದು ಕರಕುಶಲ ಸಂಸ್ಥೆಗಳು ಬಹಿರಂಗ ಪತ್ರ ಬರೆದವು. ಭಾರತೀಯ ವಿನ್ಯಾಸವನ್ನು ಜಗತ್ತಿಗೆ ತಲುಪಿಸುವುದು ತಮ್ಮ ಗುರಿಯಾಗಿತ್ತೆಂದು ವಿನ್ಯಾಸಕರು ಉತ್ತರಿಸಿದರು.

ಬಂಡವಾಳ ಮತ್ತು ತೆರಿಗೆ

ಹಲವರ ಸರಕು ಮಾರುವ ಮಳಿಗೆಗಳು ಸಾಮಾನ್ಯವಾಗಿ ಮಾಲನ್ನು ಮುಂಗಡ ಹಣ ಕೊಟ್ಟು ಕೊಳ್ಳುವುದಿಲ್ಲ. ಮಾರಾಟವಾದ ಮೇಲೆ ತಮ್ಮ ಪಾಲು ಮುರಿದುಕೊಂಡು ಹಣ ನೀಡುತ್ತವೆ, ಉಳಿದದ್ದನ್ನು ಹಿಂತಿರುಗಿಸುತ್ತವೆ. ನೇಕಾರನಿಗಾದರೋ ನೂಲು ಹಾಕುವಾಗಲೇ ಹಣ ಕೊಡಬೇಕು. ಈ ನಡುವಿನ ತಿಂಗಳುಗಳನ್ನು ದಾಟಲಾಗದೆ ಮುಚ್ಚಿಹೋಗುವ ಸಣ್ಣ ಸಂಸ್ಥೆಗಳಿವೆ. 2020ರ ಕೋವಿಡ್ ಕಾಲದಲ್ಲಿ ಅಂಗಡಿಗಳೂ ಮದುವೆಗಳೂ ನಿಂತಾಗ ಫ್ಯಾಷನ್ ವಿನ್ಯಾಸ ಮಂಡಳಿಯು ಸಣ್ಣ ವಿನ್ಯಾಸಕರಿಗಾಗಿ ನೆರವಿನ ನಿಧಿ ತೆರೆಯಬೇಕಾಯಿತು.

ಅದರ ಬೆನ್ನಲ್ಲೇ ದೊಡ್ಡ ಉದ್ಯಮಗಳು ಪ್ರವೇಶಿಸಿದವು. 2021ರ ಜನವರಿಯಲ್ಲಿ ಆದಿತ್ಯ ಬಿರ್ಲಾ ಫ್ಯಾಷನ್ ಕಂಪನಿಯು 398 ಕೋಟಿ ರೂಪಾಯಿಗೆ ಸಬ್ಯಸಾಚಿ ಸಂಸ್ಥೆಯ ಶೇಕಡಾ 51 ಪಾಲನ್ನು ಕೊಳ್ಳುವುದಾಗಿ ಪ್ರಕಟಿಸಿತು. ಅದೇ ವರ್ಷ ರಿಲಯನ್ಸ್ ಸಮೂಹವು ರಿತು ಕುಮಾರ್ ಅವರ ಸಂಸ್ಥೆಯಲ್ಲಿ ಬಹುಪಾಲನ್ನೂ ಮನೀಶ್ ಮಲ್ಹೋತ್ರಾ ಅವರ ಸಂಸ್ಥೆಯಲ್ಲಿ ಶೇಕಡಾ 40 ಪಾಲನ್ನೂ ಪಡೆಯಿತು. ಕರಕುಶಲ ಉಡುಪಿನ ಆನ್‌ಲೈನ್ ಮಳಿಗೆ ‘ಜೈಪೋರ್’ 2019ರಲ್ಲಿಯೇ ಆದಿತ್ಯ ಬಿರ್ಲಾ ತೆಕ್ಕೆಗೆ ಸೇರಿತ್ತು. ಹೀಗೆ ಭಾರತದ ಮೊದಲ ತಲೆಮಾರಿನ ಪ್ರಸಿದ್ಧ ಹೆಸರುಗಳಲ್ಲಿ ಹಲವು ಇಂದು ಒಡೆತನದ ಅರ್ಥದಲ್ಲಿ ಸ್ವತಂತ್ರವಾಗಿ ಉಳಿದಿಲ್ಲ.

ಕೈಉತ್ಪನ್ನಗಳಿಗೆ ಶೂನ್ಯ ತೆರಿಗೆ ಇರಬೇಕೆಂದು ಆಗ್ರಹಿಸಿ ಪ್ರಸನ್ನ ಅವರು 2017ರಲ್ಲಿ ಬೆಂಗಳೂರಿನಲ್ಲಿ ಉಪವಾಸ ನಡೆಸಿದ್ದರು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಂತೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇಕಡಾ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇಕಡಾ 18 ತೆರಿಗೆಯಿದೆ. ಕೈಯಿಂದ ನೇಯ್ದು ಕೈಯಿಂದ ಹೊಲಿದ ಉಡುಪಿನ ಬೆಲೆ ಸುಲಭವಾಗಿ ಈ ಗಡಿ ದಾಟುವುದರಿಂದ ಹೆಚ್ಚಿನ ದರದ ಹೊರೆ ಅಂಥ ಉಡುಪಿನ ಮೇಲೆ ಬೀಳುತ್ತದೆ.

ಗುರುತಿಸುವ ಬಗೆ

ಸ್ವತಂತ್ರ ವಿನ್ಯಾಸಕರ ಪರಿಚಯವಾಗುವುದು ಇಂದು ಬಹುಮಟ್ಟಿಗೆ ಇನ್‌ಸ್ಟಾಗ್ರಾಂ ಮತ್ತು ಆನ್‌ಲೈನ್ ಮಳಿಗೆಗಳಲ್ಲಿ. ಚಿತ್ರವನ್ನು ನೋಡಿ ಕೈಮಗ್ಗ ಯಾವುದು, ವಿದ್ಯುತ್ ಮಗ್ಗ ಯಾವುದು ಎಂದು ಹೇಳಲಾಗದು. ಕೈಮಗ್ಗದ ಬಟ್ಟೆಗೆ 2006ರಲ್ಲಿ ಆರಂಭವಾದ ಹ್ಯಾಂಡ್‌ಲೂಮ್ ಮಾರ್ಕ್, ಶುದ್ಧ ರೇಷ್ಮೆಗೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಇವೆ. ಸಣ್ಣ ವಿನ್ಯಾಸಕರೆಲ್ಲರೂ ಇವನ್ನು ಪಡೆದಿರುವುದಿಲ್ಲವಾದ್ದರಿಂದ ಚೀಟಿ ಇಲ್ಲದ ಮಾತ್ರಕ್ಕೆ ಬಟ್ಟೆ ನಕಲಿ ಎನ್ನುವಂತಿಲ್ಲ.

ವಸ್ತುವನ್ನೇ ಪರೀಕ್ಷಿಸುವುದು ಹೆಚ್ಚು ಉಪಯುಕ್ತ. ಕಸೂತಿಯ ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಬಗೆಯಾಗಿ ಕಾಣಬೇಕು. ಹಿಂಬದಿಯಲ್ಲಿ ಗಂಟು, ಎಳೆಗಳು ಜೋಲುತ್ತಿದ್ದರೆ ಅಥವಾ ಅಂಟಿನ ಪದರವಿದ್ದರೆ ಅದು ಯಂತ್ರದ ಕೆಲಸವಾಗಿರುವ ಸಂಭವ ಹೆಚ್ಚು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲೂ ಸೆರಗೂ ಸೇರುವ ಆ ಗೆರೆಯನ್ನು ಬೆಳಕಿಗೆ ಹಿಡಿದು ನೋಡಬಹುದು. ಕೈಯಚ್ಚಿನ ಬಟ್ಟೆಯಲ್ಲಿ ಒಂದು ಅಚ್ಚು ಮುಗಿದು ಇನ್ನೊಂದು ಆರಂಭವಾಗುವೆಡೆ ಬಣ್ಣ ತುಸು ಮೇಲುಕೆಳಗಾಗಿರುತ್ತದೆ, ಮತ್ತು ಬಣ್ಣವು ಹಿಂಬದಿಗೂ ಇಳಿದಿರುತ್ತದೆ. ಮಾರುವವರು ಯಾವ ಊರಿನ ನೇಯ್ಗೆ, ಯಾವ ನೂಲು, ಯಾವ ಬಣ್ಣ ಎಂಬ ಮೂರು ಪ್ರಶ್ನೆಗಳಿಗೆ ನಿಖರವಾಗಿ ಉತ್ತರಿಸಬಲ್ಲರೇ ಎಂಬುದನ್ನೂ ಅನುಭವಿ ಗ್ರಾಹಕರು ಗಮನಿಸುತ್ತಾರೆ.